ಏಳನೇ ಪೆಟ್ಟಿಗೆಗೆ ಕಟ್ಟಿದ ಕವರ್

ನಮ್ಮ ಊರಿನ ಗುಡ್ಡೆಗೆ ಪ್ರತಿ ವರ್ಷ ಬೆಂಕಿ ಬೀಳುತ್ತದೆ. ನಿಮ್ಮ ಊರಿನಲ್ಲೂ ಬೀಳುತ್ತದೆ, ಇಲ್ಲ ಎನ್ನಬೇಡಿ. ಫೆಬ್ರವರಿ ಬಂತೆಂದರೆ ಮುಳಿಹುಲ್ಲು ಒಣಗಿ ಸೊಂಟದೆತ್ತರ ನಿಂತಿರುತ್ತದೆ. ಒಂದು ಮಧ್ಯಾಹ್ನ ಅಂಗಳದಲ್ಲಿ ಒಣಹಾಕಿದ ಬಟ್ಟೆಯ ಮೇಲೆ ಕರಿ ಬೂದಿ ಬಂದು ಕೂರುತ್ತದೆ. ಆಗ ನಮಗೆ ಗೊತ್ತಾಗುತ್ತದೆ. ಆಗ ಕೊಡಪಾನ ಹಿಡಿದು ಓಡುತ್ತೇವೆ. ಗುಡ್ಡೆ ಉರಿದು ಮುಗಿದ ಮೇಲೆ ಸುಬ್ಬಪ್ಪಣ್ಣನ ಅಂಗಡಿಯಲ್ಲಿ ಕುಳಿತು, "ಯಾರೋ ಬೀಡಿ ಬಿಸಾಡಿರಬೇಕು" ಎಂದು ಹೇಳಿ ಚಾ ಕುಡಿಯುತ್ತೇವೆ. ಆ 'ಯಾರೋ' ಎಂಬವನನ್ನು ಇಷ್ಟು ವರ್ಷಗಳಲ್ಲಿ ಒಬ್ಬರೂ ಕಂಡದ್ದಿಲ್ಲ.

ನನ್ನ ಹೆಸರು ನೀಲಾವತಿ. ನೆರಿಯದಿಂದ ಮೇಲೆ, ಕಾಡಿನ ಅಂಚಿನ ಮುಳಿಪಾದೆಯಲ್ಲಿ ನಮ್ಮ ಮನೆ. ಸಂಘದವರು ತಮ್ಮ ಸಭೆಗಳಲ್ಲಿ ಓದಲಿಕ್ಕೆ ನಿಮ್ಮ ಕಥೆ ಬರೆದುಕೊಡಿ ಎಂದು ಕೇಳಿದರು. "ಕೊನೆ ಸ್ವಲ್ಪ ಸಂತೋಷದ್ದಿರಲಿ ಅಕ್ಕ, ಹಾಗಾದ್ರೆ ಜನ ಕೇಳ್ತಾರೆ" ಎಂದೂ ಹೇಳಿದರು. ನನ್ನ ಹತ್ತಿರ ಸಂತೋಷದ ಕೊನೆ ಇಲ್ಲ. ನಡೆದದ್ದನ್ನು ಬರೆದಿದ್ದೇನೆ. ಬೇಡವಾದವರು ಇಲ್ಲಿಗೇ ನಿಲ್ಲಿಸಬಹುದು.

ಹೋದ ವರ್ಷದ ಹಿಂದಿನ ವರ್ಷ ನವೆಂಬರಿನಲ್ಲಿ ಕಾಡಿನ ಅಂಚಿಗೆ ಬೆಂಕಿ ಪತ್ತೆಹಚ್ಚುವ ಪೆಟ್ಟಿಗೆಗಳನ್ನು ಕಟ್ಟಲು ಅರಣ್ಯ ಇಲಾಖೆಯ ಕಡೆಯಿಂದ ಸಮೀಕ್ಷಾ ಬಂದಳು. ಮೂಡುಬಿದಿರೆಯ ಜೈನರ ಮನೆಯ ಹುಡುಗಿ. ಇಂಜಿನಿಯರಿಂಗ್ ಓದಿದವಳು, ಆದರೆ ಏಣಿ ತಾನೇ ಹೊತ್ತುಕೊಂಡು ಮರ ಹತ್ತುವವಳು. ಅಂಗನವಾಡಿಯಲ್ಲಿ ನಮ್ಮನ್ನೆಲ್ಲ ಕೂರಿಸಿ ಒಂದು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು. ಊಟದ ಡಬ್ಬಿಯಷ್ಟು ದೊಡ್ಡದು, ಮೇಲೆ ಅಂಗೈಯಗಲದ ಸೋಲಾರ್ ಹಲಗೆ, ಕೆಳಗೆ ಸಣ್ಣ ಜಾಲರಿ.

"ಕಾಡಿಗೆ ಬೆಂಕಿ ಬೀಳುವಾಗ ಇದು ವಾಸನೆ ಹಿಡೀತದೆ" ಎಂದಳು.

ನನ್ನ ಗಂಡ ಶಂಭು ಎದುರಿನ ಸಾಲಿನಲ್ಲೇ ಇದ್ದರು. ಯಾವ ಸಭೆಯಲ್ಲೂ ಒಂದು ಮಾತು ಸೇರಿಸದಿದ್ದರೆ ಅವರಿಗೆ ತಿಂದದ್ದು ಅರಗುವುದಿಲ್ಲ.

"ಮೇಡಂ, ಈ ಡಬ್ಬಿಗೆ ಮೂಗು ಎಲ್ಲಿ ಉಂಟು?" ಎಂದು ಕೇಳಿದರು. ಎಲ್ಲರೂ ನಕ್ಕರು.

ಸಮೀಕ್ಷಾಳೂ ನಕ್ಕಳು. "ಈ ಜಾಲರಿಯೇ ಮೂಗು ಶಂಭಣ್ಣ. ತರಗೆಲೆಗೆ ಕಿಡಿ ಬಿದ್ದ ಕೂಡಲೇ ದೊಡ್ಡ ಬೆಂಕಿ ಏಳುವುದಿಲ್ಲ. ಮೊದಲು ಒಳಗೊಳಗೆ ಹೊಗೆಯಾಡ್ತದೆ. ಆ ಹೊಗೆಯ ಅನಿಲ ಈ ಜಾಲರಿಯೊಳಗೆ ಹೋದ ಕೂಡಲೇ ಪೆಟ್ಟಿಗೆಗೆ ಗೊತ್ತಾಗ್ತದೆ. ಬೆಂಕಿ ಚಾಪೆಯಷ್ಟು ಇರುವಾಗಲೇ ನಿಮ್ಮ ಫೋನಿಗೆ ಕೆಂಪು ಸಂದೇಶ ಬರ್ತದೆ."

"ಆಕಾಶದಿಂದ ಉಪಗ್ರಹ ನೋಡ್ತದೆ ಅಂತ ಪೇಪರಿನಲ್ಲಿ ಬಂದಿತ್ತಲ್ಲ?" ಎಂದು ಸುಬ್ಬಪ್ಪಣ್ಣ ಕೇಳಿದರು.

"ಅದೂ ನೋಡ್ತದೆ. ಆದ್ರೆ ದಿನಕ್ಕೆ ಕೆಲವು ಸಲ ಮಾತ್ರ ನಮ್ಮ ತಲೆ ಮೇಲೆ ಹಾದು ಹೋಗುವುದು. ಅದಕ್ಕೆ ಕಾಣಬೇಕಾದ್ರೆ ಬೆಂಕಿ ದೊಡ್ಡದಾಗಿರ್ಬೇಕು. ಪೆಟ್ಟಿಗೆ ಮರದಲ್ಲೇ ಇರ್ತದೆ."

"ಕಾಡಿನೊಳಗೆ ನಮ್ಮ ಫೋನಿಗೇ ನೆಟ್‌ವರ್ಕ್ ಇಲ್ಲ. ಡಬ್ಬಿಗೆ ಎಲ್ಲಿಂದ ಬರ್ತದೆ ಮಾರ್ರೆ?" ಇದು ಮತ್ತೆ ನನ್ನ ಗಂಡನ ಪ್ರಶ್ನೆ.

"ಇದಕ್ಕೆ ಸಿಮ್ ಬೇಡ. ರೇಡಿಯೋದ ಹಾಗೆ ಶಾಲೆಯ ಮಾಡಿನ ಮೇಲಿನ ಕಂಬಕ್ಕೆ ಹೇಳ್ತದೆ. ಕಂಬ ನಿಮಗೆ ಹೇಳ್ತದೆ. ಕೆಂಪು ಸಂದೇಶ ಬಂದ್ರೆ ಪಟ್ಟಿಯಲ್ಲಿರುವ ಹನ್ನೆರಡು ಜನರೂ ಒಟ್ಟಿಗೆ ಹೋಗ್ಬೇಕು. ಒಬ್ಬನೇ ಹೋಗ್ಲಿಕ್ಕಿಲ್ಲ. ಎಲ್ಲ ಸರಿ ಇದ್ರೆ ಪೆಟ್ಟಿಗೆ ಗಂಟೆಗೊಮ್ಮೆ ಹಸಿರು ತೋರಿಸ್ತದೆ."

ನನಗೊಂದು ಸಂಶಯವಿತ್ತು. ನಾವು ಬೇಸಿಗೆ ತರಕಾರಿಗೆ ಸುಡುಮಣ್ಣು ಮಾಡುವವರು. ತರಗೆಲೆ, ಒಣಕಡ್ಡಿ ರಾಶಿ ಹಾಕಿ, ಮೇಲೆ ಮಣ್ಣು ಮುಚ್ಚಿ ಬೆಂಕಿ ಕೊಟ್ಟರೆ ಮೂರು ನಾಲ್ಕು ದಿನ ಒಳಗೇ ಬೇಯುತ್ತದೆ. ಆ ಮಣ್ಣು ಹಾಕಿದ ಬಸಳೆ, ಅಲಸಂಡೆಯ ಸೊಗಸೇ ಬೇರೆ. ಆ ಹೊಗೆಗೂ ಪೆಟ್ಟಿಗೆ ಕೂಗಿದರೆ ಏನು ಮಾಡುವುದು ಎಂದು ಕೇಳಿದೆ.

"ಕೂಗ್ತದೆ ನೀಲಾವತಿ ಅಕ್ಕ, ಅದಕ್ಕೆ ನಿಮ್ಮ ಹೊಗೆ ಯಾವುದು ಅಂತ ಗೊತ್ತಿಲ್ಲ. ಬೆಂಕಿ ಕೊಡುವ ಮೊದಲು ರುಕ್ಮಯ್ಯಣ್ಣನಿಗೆ ಒಂದು ಫೋನ್ ಮಾಡಿ. ಅವರು ಬಂದು ನೋಡಿ, ಇಂಥ ಪೆಟ್ಟಿಗೆಯ ಹತ್ತಿರ ಸುಡುಮಣ್ಣು ಉಂಟು ಅಂತ ಬರೆದುಕೊಳ್ತಾರೆ. ಜನವರಿ ಕಳೆದ ಮೇಲೆ ಮಾತ್ರ ಬೇಡವೇ ಬೇಡ."

ರುಕ್ಮಯ್ಯ ಎಂದರೆ ನನ್ನ ಒಡಹುಟ್ಟಿದ ಅಣ್ಣ. ನಮ್ಮ ಮನೆಯಿಂದ ಎರಡು ಗದ್ದೆ ದಾಟಿದರೆ ಅವನ ಮನೆ. ಬೇಸಿಗೆಯ ನಾಲ್ಕು ತಿಂಗಳು ಅವನು ಅರಣ್ಯ ಇಲಾಖೆಯ ಫೈರ್ ವಾಚರ್, ಕಾಡಿಗೆ ಬೆಂಕಿ ಬೀಳದಂತೆ ಕಾಯುವವನು. ಹಿಂದೆಲ್ಲ ಅವನ ಕೈಯಲ್ಲಿ ಕತ್ತಿ ಮತ್ತು ಬೆಂಕಿ ಬಡಿಯುವ ಹಸಿ ಸೊಪ್ಪಿನ ಗೆಲ್ಲು ಮಾತ್ರ ಇರುತ್ತಿತ್ತು. ಆ ವರ್ಷ ಹನ್ನೊಂದು ಪೆಟ್ಟಿಗೆಗಳು ಅವನ ಫೋನಿನೊಳಗೆ ಬಂದವು. ಬೆಳಿಗ್ಗೆ ಎದ್ದವನೇ ಅಂಗಳದಲ್ಲಿ ನಿಂತು, "ಒಂದು ಸರಿ, ಎರಡು ಸರಿ, ಮೂರು ಸರಿ" ಎಂದು ಮೇಷ್ಟ್ರು ಹಾಜರಿ ಕರೆದ ಹಾಗೆ ಓದುತ್ತಿದ್ದ. ಅವನಿಗೆ ಅದರ ಮೇಲೆ ಅಷ್ಟು ನಂಬಿಕೆ. ಏಳನೇ ಪೆಟ್ಟಿಗೆ ನಮ್ಮ ತರಕಾರಿ ಸಾಲಿನ ಹಿಂದಿನ ಮತ್ತಿ ಮರದಲ್ಲಿತ್ತು.

ಡಿಸೆಂಬರಿನಲ್ಲಿ ನನ್ನ ಗಂಡ ಫೋನ್ ಮಾಡದೆ ಸುಡುಮಣ್ಣಿಗೆ ಬೆಂಕಿ ಕೊಟ್ಟರು. ಹತ್ತು ನಿಮಿಷದಲ್ಲಿ ಅಣ್ಣ ಬೈಕಿನಲ್ಲಿ ಬಂದ. ಅವನ ಹಿಂದೆ ಜೀಪಿನಲ್ಲಿ ಏಳು ಜನ.

"ಭಾವ, ಒಂದು ಫೋನ್ ಮಾಡ್ಲಿಕ್ಕೆ ಏನು ಕಷ್ಟ?" ಎಂದ ಅಣ್ಣ.

"ನಿನಗೆ ತಂಗಿಯ ಕೈಯ ಕಾಫಿ ಕುಡಿಯುವ ಆಸೆ ಆದಾಗೆಲ್ಲ ಆ ಡಬ್ಬಿ ಕೂಗ್ತದೆ ಮಾರಾಯ" ಎಂದರು ಇವರು. ಎಲ್ಲರಿಗೂ ಕಾಫಿ ಮಾಡಿದೆ. ನಗುತ್ತಾ ಹೋದರು.

ಎರಡನೇ ಸಲ ಕಾಫಿ ಕುಡಿದರು, ನಗಲಿಲ್ಲ. ಮೂರನೇ ಸಲ ಜೊತೆಯಲ್ಲಿ ಅರಣ್ಯ ಇಲಾಖೆಯ ಗಾರ್ಡ್ ಕೂಡ ಇದ್ದರು. ಅಷ್ಟು ಜನರ ಎದುರು ಇವರಿಗೆ ಬೈದರು. ಕೆಲಸ ಬಿಟ್ಟು ಓಡಿ ಬಂದವರಿಗೆ ಸಿಟ್ಟು ಬರದೆ ಇರುತ್ತದೆಯೇ? ಆದರೆ ಬೈಸಿಕೊಂಡವರಿಗೆ ನ್ಯಾಯ ಕಾಣುವುದಿಲ್ಲ, ಮುಖಭಂಗ ಮಾತ್ರ ಕಾಣುತ್ತದೆ.

"ನನ್ನ ಮಣ್ಣು ಸುಡ್ಲಿಕ್ಕೆ ಹೆಂಡತಿಯ ಅಣ್ಣನ ಅಪ್ಪಣೆ ಬೇಕಾ?" ಎಂದು ಇವರು ಆ ದಿನವಿಡೀ ಹಾರಾಡಿದರು.

"ಅಪ್ಪಣೆ ಅಲ್ಲ, ತಿಳಿಸುವುದು ಅಷ್ಟೇ" ಎಂದೆ.

"ನೀನು ಯಾವಾಗಲೂ ತವರಿನ ಕಡೆ."

ಫೆಬ್ರವರಿ ಕೊನೆಯ ವಾರ ಮತ್ತೊಂದು ರಾಶಿ ಒಟ್ಟಿದರು. ಜನವರಿ ಕಳೆದಿದೆ, ಬೇಡ ಎಂದು ಹೇಳಿದೆ. ಕೇಳಲಿಲ್ಲ. "ಒಂದು ದಪ್ಪದ ಪ್ಲಾಸ್ಟಿಕ್ ಕೊಡು" ಎಂದರು. ಯಾಕೆಂದು ನನಗೆ ಗೊತ್ತಾಯಿತು. ಗೊತ್ತಾಗಿಯೂ ಒಳಗೆ ಹೋದೆ. ಬಿ.ಸಿ.ರೋಡಿನಲ್ಲಿ ತೆಗೆದ ಸೀರೆಯ ಕವರ್ ಇತ್ತು, ಗಾಜಿನ ಹಾಗೆ ಹೊಳೆಯುವಂಥದ್ದು. ಅದನ್ನೇ ಕೊಟ್ಟೆ. ಕಟ್ಟಲಿಕ್ಕೆ ಹುರಿಹಗ್ಗದ ಬಳ್ಳಿಯನ್ನೂ ಕೊಟ್ಟೆ. ಇವರು ಅದನ್ನು ಏಳನೇ ಪೆಟ್ಟಿಗೆಗೆ ಬಿಗಿದು ಕಟ್ಟಿ ರಾಶಿಗೆ ಬೆಂಕಿ ಕೊಟ್ಟರು. ಜಗಳ ಮುಗಿದರೆ ಸಾಕು ಎಂದಿತ್ತು ನನಗೆ.

ಆ ಕವರಿನೊಳಗೆ ಬಿಸಿಲು ಹೋಗುತ್ತದೆ, ಹೊಗೆ ಹೋಗುವುದಿಲ್ಲ. ಸೋಲಾರಿಗೆ ಬಿಸಿಲು ಸಿಕ್ಕಿದ್ದರಿಂದ ಪೆಟ್ಟಿಗೆ ಗಂಟೆಗೊಮ್ಮೆ ಹಸಿರು ತೋರಿಸುತ್ತಲೇ ಇತ್ತು. ಎರಡು ಗದ್ದೆ ಆಚೆ ನನ್ನ ಅಣ್ಣ ಬೆಳಿಗ್ಗೆ, "ಏಳು ಸರಿ" ಎಂದು ಓದುತ್ತಲೇ ಇದ್ದ. ಸೊಪ್ಪು ತರಲು ಹೋದಾಗಲೆಲ್ಲ ನಾನು ಆ ಕವರನ್ನು ನೋಡಿದ್ದೇನೆ. ನಾಳೆ ಬಿಚ್ಚುವ ಎಂದುಕೊಂಡು ಎಂಟು ದಿನ ಕಳೆದೆ.

ಒಂಬತ್ತನೇ ದಿನ ಮೆಲ್ಕಾರಿನಲ್ಲಿ ಸಂಬಂಧಿಕರ ಗೃಹಪ್ರವೇಶ. ಹೊರಡುವ ಮೊದಲು ಇವರು ರಾಶಿಯ ಮೇಲೆ ನಾಲ್ಕು ಕೊಡ ನೀರು ಹೊಯ್ದು, "ಆರಿದೆ" ಎಂದರು. ಮೇಲಿನ ಮಣ್ಣು ಒದ್ದೆಯಾಗಿತ್ತು. ಅಡಿಯಲ್ಲಿ ಏನಿದೆ ಎಂದು ಕೆದಕಿ ನೋಡಲಿಲ್ಲ.

ಊಟದ ಪಂಕ್ತಿಯಲ್ಲಿ ಕುಳಿತಿದ್ದೆ, ಅಣ್ಣನ ಫೋನ್ ಬಂತು. ಆಗ ಹನ್ನೆರಡೂ ಮುಕ್ಕಾಲು.

"ನೀಲಾ, ನಿಮ್ಮ ಹಿಂದಿನ ಗುಡ್ಡೆಯಲ್ಲಿ ಸ್ವಲ್ಪ ಹೊಗೆ ಕಾಣ್ತಾ ಉಂಟು. ಭಾವ ಪುನಃ ಸುಡುಮಣ್ಣು ಹಾಕಿದ್ದಾರಾ?"

ಪಕ್ಕದಲ್ಲಿ ಇವರು ಕುಳಿತಿದ್ದರು. ಸುತ್ತ ನೆಂಟರಿದ್ದರು. "ಹೌದಣ್ಣ, ಅದೇ ಇರ್ಬೇಕು" ಎಂದೆ.

"ಹಾಗೇ ಅಂದುಕೊಂಡೆ. ಹೊಗೆ ಸ್ವಲ್ಪವೇ, ಗಾಳಿ ಆಚೆ ಕಡೆಗೆ ಇರ್ಬೇಕು, ಏಳನೇದು ಹಸಿರೇ ತೋರಿಸ್ತಾ ಉಂಟು. ಕಾಡಿಗೆ ಬಿದ್ದಿದ್ರೆ ಅದು ಬಿಡ್ತಿತ್ತಾ? ಸುಮ್ಮನೆ ಹನ್ನೆರಡು ಜನರನ್ನು ಓಡಿಸುವುದು ಬೇಡ. ಮೇಲಿನ ದಾರಿಯಲ್ಲಿ ಹೋಗಿ ನೋಡಿ ಬರ್ತೇನೆ."

ಏಳನೇ ಪೆಟ್ಟಿಗೆಗೆ ಕವರ್ ಕಟ್ಟಿದೆ ಅಣ್ಣ. ಅಷ್ಟು ಹೇಳಲಿಕ್ಕೆ ಎಷ್ಟು ಹೊತ್ತು ಬೇಕು? ನಾನು ಹೇಳಲಿಲ್ಲ. ಎಲೆಗೆ ಪಾಯಸ ಬಡಿಸಿದರು, ಉಂಡೆ.

ಅವನು ಸುಬ್ಬಪ್ಪಣ್ಣನ ಅಂಗಡಿಯ ಎದುರಿನಿಂದಲೇ ಹೋಗಿದ್ದ. "ನಾವೂ ಬರ್ಬೇಕಾ ರುಕ್ಮಯ್ಯ?" ಎಂದು ಅವರು ಕೇಳಿದ್ದರಂತೆ. "ಬೇಡ ಮಾರ್ರೆ, ಭಾವನ ಸುಡುಮಣ್ಣು" ಎಂದು ಕೈ ಬೀಸಿ ಹೋದನಂತೆ.

ಬೆಂಕಿ ಸುಡುಮಣ್ಣಿನ ರಾಶಿಯಿಂದ ಹೊರಬಂದು ಮತ್ತಿ ಮರದ ಬುಡದ ತರಗೆಲೆಯಲ್ಲಿ ಬಹಳ ಹೊತ್ತು ಹೊಗೆಯಾಡಿತ್ತು. ಸರಿಯಾಗಿ ಪೆಟ್ಟಿಗೆಯ ಕೆಳಗೆ. ಮಧ್ಯಾಹ್ನದ ಗಾಳಿ ಎದ್ದ ಕೂಡಲೇ ಮುಳಿಹುಲ್ಲಿಗೆ ಹಾರಿತು. ಬೆಂಕಿ ಗುಡ್ಡೆ ಇಳಿಯುವಾಗ ನಿಧಾನ, ಏರುವಾಗ ಮನುಷ್ಯನಿಗಿಂತ ಜೋರು. ಅಣ್ಣ ಮೇಲಿನಿಂದ ಹುಲ್ಲಿನ ನಡುವೆ ಇಳಿಯುತ್ತಿದ್ದ, ಅದು ಕೆಳಗಿನಿಂದ ಏರಿತು. ಹನ್ನೆರಡೂ ಐವತ್ತೈದಕ್ಕೆ ಎಂಟನೇ ಪೆಟ್ಟಿಗೆ ಕೂಗಿತು. ಹನ್ನೆರಡು ಫೋನಿಗೂ ಕೆಂಪು ಸಂದೇಶ ಬಂತು. ಹನ್ನೊಂದು ಜನ ಎದ್ದು ಓಡಿದರು. ಹನ್ನೆರಡನೆಯವನು ಆಗಲೇ ಅಲ್ಲಿದ್ದ.

ಉಪಗ್ರಹದ ಸಂದೇಶ ಎರಡೂ ಕಾಲು ಗಂಟೆಗೆ ಬಂತು. ಆಗ ಅವನನ್ನು ಆಂಬುಲೆನ್ಸಿನಲ್ಲಿ ಹಾಕಿ ಮಂಗಳೂರಿಗೆ ಹೊರಟಾಗಿತ್ತು.

ಮೂರು ದಿನ ಜೀವ ಹಿಡಿದುಕೊಂಡಿದ್ದ. ಎರಡನೇ ದಿನ ಸಮೀಕ್ಷಾ ನೋಡಲು ಬಂದಳು. ಮುಖಕ್ಕೆ ಬಟ್ಟೆ ಸುತ್ತಿದ್ದರು, ಆದರೂ ಧ್ವನಿ ಕೇಳಿ ಗುರುತು ಹಿಡಿದ. "ಏಳನೇದು ಹಾಳಾಗಿದೆ ಮೇಡಂ. ಬೇಗ ಬದಲಾಯಿಸಿ. ಅಲ್ಲಿ ತಂಗಿಯ ಮನೆ ಉಂಟು" ಎಂದ. ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ. ಆಗಲೂ ನನಗೆ ಬಾಯಿ ಬರಲಿಲ್ಲ.

ಅಣ್ಣನ ಉತ್ತರಕ್ರಿಯೆಯ ಬೊಜ್ಜ ಮುಗಿದ ಮರುದಿನ ಅಂಗನವಾಡಿಯಲ್ಲಿ ಸಭೆ ಸೇರಿತು. ಊರಿಗೆ ಊರೇ ಬಂದಿತ್ತು. ಬಿಳಿ ಸೀರೆಯಲ್ಲಿ ಅತ್ತಿಗೆಯೂ ಬಂದು ಗೋಡೆಗೆ ಒರಗಿ ಕುಳಿತಿದ್ದಳು.

"ಎಲ್ಲ ಪೆಟ್ಟಿಗೆ ಬಿಚ್ಚಿ ತೆಗೆದುಕೊಂಡು ಹೋಗಿ ಮೇಡಂ" ಎಂದರು ಸುಬ್ಬಪ್ಪಣ್ಣ. "ಅದನ್ನು ನಂಬಿ ಒಂದು ಜೀವ ಹೋಯ್ತು. ಅದಿಲ್ಲದಿದ್ರೆ ಅವನು ನಮ್ಮನ್ನು ಕರೆದುಕೊಂಡೇ ಹೋಗ್ತಿದ್ದ."

ಸಮೀಕ್ಷಾ ಚೀಲದಿಂದ ಏಳನೇ ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟಳು. ಅರ್ಧ ಕರಗಿತ್ತು. ಜಾಲರಿಯ ಮೇಲೆ ಪ್ಲಾಸ್ಟಿಕ್ ಕರಗಿ ಅಂಟಿತ್ತು.

"ಇದಕ್ಕೆ ಕವರ್ ಕಟ್ಟಿದ್ರು. ಗಾಳಿಗೆ ಬಂದು ಸಿಕ್ಕಿದ್ದಲ್ಲ, ಬಳ್ಳಿಯ ಗಂಟು ಉಂಟು, ನೋಡಿ. ನಮ್ಮದೂ ತಪ್ಪುಂಟು. ನಾವು ತಿಂಗಳಿಗೊಮ್ಮೆ ಬಂದು ಕಣ್ಣಾರೆ ನೋಡ್ಬೇಕಿತ್ತು, ಹಸಿರು ಬರ್ತದಲ್ಲ ಅಂತ ಬರಲಿಲ್ಲ" ಎಂದಳು.

"ಕವರಿನ ಕಥೆ ಬೇಡ" ಎಂದರು ಸುಬ್ಬಪ್ಪಣ್ಣ. "ಪೆಟ್ಟಿಗೆ ಹಾಳು ಅಂತ ಒಪ್ಪಿಕೊಳ್ಳಿ. ಹಾಳಾಗಿದೆ ಅಂತ ಸಾಯುವಾಗ ರುಕ್ಮಯ್ಯನೇ ಹೇಳಿದ್ದಲ್ವಾ?"

ಹೌದು ಹೌದು ಎಂದು ಜನ ಗದ್ದಲ ಮಾಡಿದರು. ಅಣ್ಣ ನಾಲ್ಕು ತಿಂಗಳು ಕಣ್ಣಿನ ಹಾಗೆ ಕಾಪಾಡಿದ್ದನ್ನು ಅವನ ಮಾತಿನಿಂದಲೇ ಬಿಚ್ಚಿಸಲು ಹೊರಟಿದ್ದರು. ಆ ಹುಡುಗಿ ಒಬ್ಬಳೇ ನಿಂತಿದ್ದಳು. ನಾನು ಎದ್ದೆ. ಇವರು ನನ್ನ ಸೆರಗು ಹಿಡಿದು, "ಕೂತ್ಕೋ" ಎಂದರು. ಸೆರಗು ಎಳೆದುಕೊಂಡೆ.

"ಪೆಟ್ಟಿಗೆ ಹಾಳಾಗಿರಲಿಲ್ಲ. ಅದು ನನ್ನ ಸೀರೆಯ ಕವರ್. ಕೊಟ್ಟದ್ದು ನಾನು. ಅಣ್ಣ ಫೋನ್ ಮಾಡಿದಾಗ ಹೇಳದೆ ಇದ್ದದ್ದೂ ನಾನು" ಎಂದೆ.

ಇವರೂ ಎದ್ದು ನಿಂತರು. "ಕಟ್ಟಿದ್ದು ನಾನು" ಎಂದವರು ಮುಂದೆ ಮಾತಾಡಲಾಗದೆ ಹಾಗೇ ನಿಂತರು. ಸಭೆಯಲ್ಲಿ ಅವರಿಗೆ ಮಾತು ಸಿಗದೆ ಹೋದದ್ದನ್ನು ನಾನು ಕಂಡದ್ದು ಅದೇ ಮೊದಲು.

ಅತ್ತಿಗೆ ಅಳಲಿಲ್ಲ. ಬೈಯಲೂ ಇಲ್ಲ. "ಒಂದು ಮಾತು ಹೇಳಬಹುದಿತ್ತಲ್ಲ ನೀಲಾ" ಎಂದಳು. ಆಮೇಲೆ ಸುಬ್ಬಪ್ಪಣ್ಣನ ಕಡೆ ತಿರುಗಿ, "ಪೆಟ್ಟಿಗೆ ಇರ್ಲಿ ಅಣ್ಣ. ಸುಳ್ಳು ಹೇಳಿದ್ದು ಪೆಟ್ಟಿಗೆ ಅಲ್ಲ" ಎಂದು ಎದ್ದು ಹೋದಳು. ಆ ದಿನದಿಂದ ಇವತ್ತಿನವರೆಗೆ ಅವಳು ನನ್ನ ಹತ್ತಿರ ಮಾತಾಡಿಲ್ಲ. ಎದುರು ಸಿಕ್ಕಿದರೆ ದಾರಿ ಬಿಟ್ಟು ನಿಲ್ಲುತ್ತಾಳೆ. ಅದು ಅವಳ ನ್ಯಾಯ, ನನಗೆ ದೂರಲು ಬಾಯಿಲ್ಲ.

ಪೆಟ್ಟಿಗೆಗಳು ಉಳಿದವು. ಇವರು ತಾವೇ ಠಾಣೆಗೆ ಹೋಗಿ ತಪ್ಪೊಪ್ಪಿಕೊಂಡು ಬಂದರು. ಕೇಸು ಬೆಳ್ತಂಗಡಿಯಲ್ಲಿ ನಡೆಯುತ್ತಿದೆ. ಮನೆಯಲ್ಲಿ ಈಗ ಸುಡುಮಣ್ಣು ಇಲ್ಲ, ತರಗೆಲೆಯನ್ನು ಗುಂಡಿಯಲ್ಲಿ ಕೊಳೆಸಿ ಗೊಬ್ಬರ ಮಾಡುತ್ತೇವೆ. ಆದಿತ್ಯವಾರ ಬೆಳಿಗ್ಗೆ ಇವರು ಒಂದು ಬಟ್ಟೆ ಹಿಡಿದು ಗುಡ್ಡೆಗೆ ಹೋಗುತ್ತಾರೆ. ಪೆಟ್ಟಿಗೆ ಪೆಟ್ಟಿಗೆಯ ಜಾಲರಿ ಒರೆಸಿ, ಜೇಡರ ಬಲೆ ತೆಗೆದು ಬರುತ್ತಾರೆ. ಅದನ್ನು ನೋಡಿದವರು, "ಶಂಭುವಿಗೆ ಬುದ್ಧಿ ಬಂತು" ಎಂದು ಮೆಚ್ಚುತ್ತಾರೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಬಂದ ಬುದ್ಧಿಗೆ ನನ್ನ ಅಣ್ಣನ ಜೀವ ಬೇಕಾಯಿತು, ಅದನ್ನು ಯಾರೂ ಸೇರಿಸಿ ಹೇಳುವುದಿಲ್ಲ.

ಈ ಮಾರ್ಚಿನಲ್ಲಿ ನಾಲ್ಕನೇ ಪೆಟ್ಟಿಗೆ ಕೂಗಿತು. ಹನ್ನೆರಡು ಜನರೂ ಒಟ್ಟಿಗೆ ಹೋದರು, ಇವರೂ ಇದ್ದರು. ಎರಡು ಚಾಪೆಯಷ್ಟು ತರಗೆಲೆ ಸುಟ್ಟಿತ್ತು. ಸುತ್ತ ಕೆರೆದು, ಸೊಪ್ಪಿನಲ್ಲಿ ಬಡಿದು, ಕಾಲು ಗಂಟೆಯಲ್ಲಿ ನಂದಿಸಿ ಬಂದರು. ಅಂಗಡಿಯಲ್ಲಿ ಎಲ್ಲರಿಗೂ ಖುಷಿಯೋ ಖುಷಿ. ನನಗೆ ಖುಷಿಯಾಗಲಿಲ್ಲ. ಇಷ್ಟೇ ಸುಲಭವಾಗಿ ಅವನೂ ಬದುಕಿ ಬರಬಹುದಿತ್ತು.

ಈಗ ಇದನ್ನು ಕೇಳುತ್ತಾ ಕುಳಿತ ನಿಮಗೆ ಹೇಳುತ್ತೇನೆ. ಕಾಡಿನ ಅಂಚಿನಲ್ಲಿ ಇಂಥ ಪೆಟ್ಟಿಗೆ ಇದ್ದರೆ ಅದನ್ನು ಮುಚ್ಚಬೇಡಿ, ತಿರುಗಿಸಬೇಡಿ. ಅದರ ಎದುರಿನ ಗೆಲ್ಲು ಬೆಳೆದಿದ್ದರೆ ಕಡಿಯಿರಿ. ಫೋನಿನಲ್ಲಿ ಹಸಿರು ಇದ್ದರೂ ವಾರಕ್ಕೊಮ್ಮೆ ಹೋಗಿ ಕಣ್ಣಾರೆ ನೋಡಿ. ಬೇಸಿಗೆಯಲ್ಲಿ ಗುಡ್ಡೆಯ ಹತ್ತಿರ ಏನನ್ನೂ ಸುಡಬೇಡಿ. ಬೇರೆ ದಿನಗಳಲ್ಲಿ ಸುಡುವುದಿದ್ದರೆ ಮೊದಲು ವಾಚರಿಗೆ ಫೋನ್ ಮಾಡಿ, ಮುಗಿದ ಮೇಲೆ ರಾಶಿ ಕೆದಕಿ ನೀರು ಹೊಯ್ದು, ಅಡಿಯ ಮಣ್ಣು ತಣ್ಣಗಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿ. ಕಾಡಿನಲ್ಲಿ ಹೊಗೆ ಕಂಡರೆ, ಪೆಟ್ಟಿಗೆ ಕೂಗಲಿ ಬಿಡಲಿ, ನೂರ ಹನ್ನೆರಡಕ್ಕೆ ಫೋನ್ ಮಾಡಿ. ಯಾರನ್ನೂ ಒಬ್ಬರೇ ಹೋಗಲು ಬಿಡಬೇಡಿ. ತಪ್ಪು ಮಾಡಿದ್ದರೆ ಇವತ್ತೇ ಬಾಯಿ ಬಿಟ್ಟು ಹೇಳಿ. ಬೈದರೆ ಬೈಯಲಿ, ಬೈಗುಳದಿಂದ ಯಾರೂ ಸಾಯುವುದಿಲ್ಲ.

ನಿಮ್ಮ ಊರಿನಲ್ಲೂ ಒಬ್ಬ ಇದ್ದಾನೆ, ನಿಮ್ಮ ಮಾತನ್ನು ನಂಬಿ ಗುಡ್ಡೆ ಹತ್ತುವವನು. ಅವನಿಗೆ ಸುಳ್ಳು ಹೇಳಬೇಡಿ.